ಪಥ್ಯ ಏನ್ರಿ, ಡಾಕ್ಟ್ರೇ?

ಬೀದರ್ ಸೀಮೆಯ ಹುಮನಾಬಾದ್, ಬಸವಕಲ್ಯಾಣದ ಕಡೆ ದವಾಖಾನೆಗೆ ಹೋದವರು ಔಷಧಿ ಚೀಟಿ ಕೈಗೆ ಬಂದ ಮೇಲೂ ಕುರ್ಚಿ ಬಿಟ್ಟು ಏಳುವುದಿಲ್ಲ. ಒಂದು ಪ್ರಶ್ನೆ ಬಾಕಿ ಇರುತ್ತದೆ: "ಪಥ್ಯ ಏನ್ರಿ, ಡಾಕ್ಟ್ರೇ?" ಕಾಮಾಲೆಗೂ ಇದೇ ಪ್ರಶ್ನೆ, ಮೊಣಕಾಲು ನೋವಿಗೂ ಇದೇ ಪ್ರಶ್ನೆ. ಬದನೆಕಾಯಿ ನಡೀತದೋ ಇಲ್ಲೋ, ಮೊಸರು ಬಿಡಬೇಕೋ, ಶೇಂಗಾ ಹಿಂಡಿ ಉಂಡರೆ ಏನಾಗುತ್ತದೋ. ಸೋನೋಗ್ರಫಿ ವರದಿಯಲ್ಲಿ 'ಚಾಕೊಲೇಟ್ ಸಿಸ್ಟ್' ಎಂದು ಬರೆಸಿಕೊಂಡು ಬಂದ ಹೆಣ್ಣುಮಗಳೂ ಕೇಳುವುದು ಇದನ್ನೇ. ಚಾಕೊಲೇಟ್ ತಿಂದದ್ದಕ್ಕೂ ಆ ಗಂಟಿಗೂ ಯಾವ ಸಂಬಂಧವೂ ಇಲ್ಲ. ಅಂಡಾಶಯದೊಳಗೆ ತಿಂಗಳುಗಟ್ಟಲೆ ನಿಂತು ಕಂದಿದ ರಕ್ತದ ಬಣ್ಣ ನೋಡಿ ವೈದ್ಯರು ಇಟ್ಟ ಹೆಸರದು. ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್.

ಪಥ್ಯದ ಪ್ರಶ್ನೆಯನ್ನು ವೈದ್ಯರು ಬಹಳ ಕಾಲ ನಕ್ಕು ತಳ್ಳಿಹಾಕಿದ್ದುಂಟು. ಕಳೆದ ಇಪ್ಪತ್ತು ವರ್ಷಗಳಲ್ಲಿ ಅದೇ ಪ್ರಶ್ನೆಯನ್ನು ಇಟಲಿ, ಅಮೆರಿಕ, ಆಸ್ಟ್ರೇಲಿಯಾ, ಸ್ಕಾಟ್ಲೆಂಡಿನ ಸಂಶೋಧಕರು ಕೈಗೆತ್ತಿಕೊಂಡಿದ್ದಾರೆ. ಸಿಕ್ಕಿರುವ ಉತ್ತರ ಅರ್ಧಂಬರ್ಧದ್ದು, ಆದರೂ ಉಪಯೋಗಕ್ಕೆ ಬರುವಂಥದ್ದು. ಊಟ ಈ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಹೊಟ್ಟೆಯುಬ್ಬರ, ಮಲವಿಸರ್ಜನೆಯ ತೊಂದರೆ, ಕೆಲವರಲ್ಲಿ ನೋವು ಕೂಡ ಊಟದ ಬದಲಾವಣೆಯಿಂದ ತಗ್ಗಬಹುದು. ಇದರ ಜೊತೆಗೆ ಇನ್ನೊಂದು ಮಾತೂ ಇದೆ, ಅದನ್ನು ಹೇಳುವವರು ಕಡಿಮೆ: ಯೋಚನೆಯಿಲ್ಲದೆ ಹಿಡಿದ ಪಥ್ಯದಿಂದ ಹಾನಿಯೂ ಆಗುತ್ತದೆ.

ಮೊದಲು ಕಾಯಿಲೆಯ ಸ್ವರೂಪ ತಿಳಿಯಬೇಕು. ಗರ್ಭಕೋಶದ ಒಳಗೋಡೆಗೆ ಹಾಸಿದಂತಿರುವ ಪದರ ತಿಂಗಳು ತಿಂಗಳು ದಪ್ಪವಾಗಿ, ಗರ್ಭ ನಿಲ್ಲದಿದ್ದಾಗ ಮುಟ್ಟಾಗಿ ಹೊರಹೋಗುತ್ತದೆ. ಅದನ್ನೇ ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಪೊರೆಯ ಮೇಲೆ, ಕರುಳು, ಮೂತ್ರಕೋಶದ ಮೇಲೆ ಬೆಳೆದರೆ ಅದೇ ಎಂಡೊಮೆಟ್ರಿಯೋಸಿಸ್. ಸಿಸೇರಿಯನ್ ಹೊಲಿಗೆಯ ಗಾಯದಲ್ಲಿ ಬೆಳೆದು ಪ್ರತಿ ಮುಟ್ಟಿಗೂ ಅಲ್ಲಿ ಗಂಟು ಬಾತುಕೊಳ್ಳುವುದೂ ಇದೆ. ಈ ಅಂಗಾಂಶವೂ ಈಸ್ಟ್ರೋಜನ್ ಹಾರ್ಮೋನಿನ ಮಾತು ಕೇಳುತ್ತದೆ. ಆದರೆ ಅಲ್ಲಿಂದ ಸ್ರಾವ ಹೊರಹೋಗಲು ದಾರಿಯಿಲ್ಲ. ಸುತ್ತ ಉರಿಯೂತ ಏಳುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನರಗಳು ಕೆರಳುತ್ತವೆ. 1860ರಲ್ಲಿ ವಿಯೆನ್ನಾದ ಕಾರ್ಲ್ ವಾನ್ ರೋಕಿಟಾನ್ಸ್ಕಿ ಇದನ್ನು ಗುರುತಿಸಿ ಬರೆದರು. ಮುಟ್ಟಿನ ರಕ್ತ ಹಿಮ್ಮುಖವಾಗಿ ಅಂಡನಾಳದ ಮೂಲಕ ಹೊಟ್ಟೆಯೊಳಗೆ ಹರಿಯುವುದೇ ಮೂಲ ಎಂದು 1920ರ ದಶಕದಲ್ಲಿ ಅಮೆರಿಕದ ಜಾನ್ ಸ್ಯಾಂಪ್ಸನ್ ವಾದಿಸಿದರು. ಅಂಥ ಹಿಮ್ಮುಖ ಹರಿವು ಬಹುಪಾಲು ಹೆಂಗಸರಲ್ಲಿ ಆಗುತ್ತದೆ, ಕಾಯಿಲೆ ಮಾತ್ರ ಕೆಲವರಿಗಷ್ಟೇ. ಹಾಗಾಗಿ ಪೂರ್ತಿ ಕಾರಣ ಇಂದಿಗೂ ಬಗೆಹರಿದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 10 ಮಂದಿಗೆ, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಜನರಿಗೆ ಈ ಕಾಯಿಲೆ ಇದೆ. ಲಕ್ಷಣ ಕಾಣಿಸಿಕೊಂಡು ಕಾಯಿಲೆಯ ಹೆಸರು ಗೊತ್ತಾಗುವ ಹೊತ್ತಿಗೆ ಎಷ್ಟೋ ಕಡೆ ನಾಲ್ಕರಿಂದ ಹನ್ನೆರಡು ವರ್ಷ ಕಳೆದಿರುತ್ತವೆ.

ಆ ವರ್ಷಗಳು ಎಲ್ಲಿ ಹೋಗುತ್ತವೆ ಎಂಬುದು ಬೀದರ್ ಸೀಮೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. "ಹೆಣ್ಣು ಅಂದಮ್ಯಾಲ ಇಷ್ಟ್ ಬ್ಯಾನಿ ಇರೂದೇ" ಎಂದು ಅವ್ವ ಹೇಳುತ್ತಾಳೆ. "ಲಗ್ನ ಆದ್ರ ಸರಿ ಹೋಗ್ತದ" ಎಂದು ಅಜ್ಜಿ. ಲಗ್ನವಾದ ಮೇಲೆ "ಒಂದು ಕೂಸು ಆಗ್ಲಿ, ಎಲ್ಲಾ ಸರಿ ಆಗ್ತದ" ಎನ್ನುವ ಮಾತು. ಕೂಸು ಆಗದಿದ್ದಾಗ ತಪಾಸಣೆಗೆ ಹೋದರೆ ಆಗ ಕಾಯಿಲೆ ಬೆಳಕಿಗೆ ಬರುತ್ತದೆ. ಬಸವಕಲ್ಯಾಣ ಹನ್ನೆರಡನೇ ಶತಮಾನದಲ್ಲಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದ ನೆಲ; ಆ ಐದರಲ್ಲಿ ರಜಸ್ಸಿನ ಸೂತಕವೂ ಒಂದು. ಇಂಥ ನೆಲದಲ್ಲಿ ಇಂದಿಗೂ ಎಷ್ಟೋ ಮನೆಗಳಲ್ಲಿ ಮುಟ್ಟಿನ ನೋವು ಹಿತ್ತಿಲ ಬಾಗಿಲಿನ ಮಾತಾಗಿಯೇ ಉಳಿದಿದೆ.

ಇನ್ನೊಂದು ವಿಚಿತ್ರವಿದೆ. ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನವಿದೆ. 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಪ್ರಭುಗಳನ್ನು ಭಕ್ತರು ದತ್ತಾತ್ರೇಯನ ಅವತಾರವೆಂದು ನಂಬುತ್ತಾರೆ, ಮಾರ್ಗಶಿರದ ದತ್ತ ಜಯಂತಿಗೆ ಕನ್ನಡ, ಮರಾಠಿ, ತೆಲುಗು ನಾಡಿನ ಜನ ಸೇರುತ್ತಾರೆ. ಜಾತ್ರೆ, ಲಗ್ನ, ಹಬ್ಬ ಬಂತೆಂದರೆ ಯಾವ ಊರಲ್ಲಾದರೂ ಔಷಧಿ ಅಂಗಡಿಯಲ್ಲಿ ಮುಟ್ಟು ಮುಂದೂಡುವ ಮಾತ್ರೆ ಬಿಕರಿಯಾಗುತ್ತದೆ. ಚೀಟಿ ಇಲ್ಲದೆಯೂ ಕೇಳುವವರಿದ್ದಾರೆ. ಆ ಮಾತ್ರೆ ಪ್ರೊಜೆಸ್ಟಿನ್ ಎಂಬ ಗುಂಪಿಗೆ ಸೇರಿದ್ದು. ಎಂಡೊಮೆಟ್ರಿಯೋಸಿಸ್‌ಗೆ ವೈದ್ಯರು ಬರೆದುಕೊಡುವ ಡೈನೋಜೆಸ್ಟ್ ಕೂಡ ಅದೇ ಗುಂಪಿನದು. ದೇವರ ಕಾರ್ಯಕ್ಕೆಂದು ಅಂಜಿಕೆಯಿಲ್ಲದೆ ನುಂಗುವ ಹಾರ್ಮೋನನ್ನು ನೋವಿಗೆಂದು ವೈದ್ಯರು ಬರೆದರೆ "ಮುಂದ ಮಕ್ಕಳಾಗೂದಿಲ್ಲಂತ" ಎಂದು ಕಪಾಟಿನಲ್ಲಿಡುತ್ತಾರೆ. ಮಾತ್ರೆಯ ಬದಲು ಪಥ್ಯದಲ್ಲೇ ಮುಗಿದುಹೋಗಲಿ ಎಂಬ ಆಸೆಯ ಹಿಂದೆ ಈ ಅಂಜಿಕೆಯೂ ಇರುತ್ತದೆ.

ಊಟದ ಬಗ್ಗೆ ಸಂಶೋಧನೆ ಏನು ಹೇಳುತ್ತದೆ? ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಜನ ಕಲಸಿಬಿಡುತ್ತಾರೆ. ಏನು ತಿನ್ನುವವರಿಗೆ ಈ ಕಾಯಿಲೆ ಹೆಚ್ಚು ಬರುತ್ತದೆ ಎಂಬುದು ಒಂದು. ಬಂದ ಮೇಲೆ ಏನು ತಿಂದರೆ ನೋವು ತಗ್ಗುತ್ತದೆ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ದೊಡ್ಡ ಆಧಾರ ಅಮೆರಿಕದ ನರ್ಸುಗಳ ಆರೋಗ್ಯ ಅಧ್ಯಯನದ ಎರಡನೇ ತಂಡ. 1989ರಿಂದ ಅದು ನಡೆಯುತ್ತಿದೆ. ಅದರಲ್ಲಿ 70,000ಕ್ಕೂ ಹೆಚ್ಚು ನರ್ಸುಗಳ ಹನ್ನೆರಡು ವರ್ಷಗಳ ಮಾಹಿತಿ ಆಧರಿಸಿ 2010ರಲ್ಲಿ ಒಂದು ವರದಿ ಬಂತು. ಟ್ರಾನ್ಸ್ ಕೊಬ್ಬನ್ನು ಅತಿ ಹೆಚ್ಚು ತಿನ್ನುವವರಲ್ಲಿ ಕಾಯಿಲೆ ಪತ್ತೆಯಾಗುವ ಸಂಭವ ಶೇ. 48ರಷ್ಟು ಜಾಸ್ತಿ, ಮೀನಿನಲ್ಲಿ ಸಿಗುವ ಬಗೆಯ ಒಮೆಗಾ-3 ಕೊಬ್ಬನ್ನು ಹೆಚ್ಚು ತಿನ್ನುವವರಲ್ಲಿ ಶೇ. 22ರಷ್ಟು ಕಡಿಮೆ. 2018ರ ವರದಿಯ ಪ್ರಕಾರ ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಕೆಂಪು ಮಾಂಸ ತಿನ್ನುವವರಲ್ಲಿ, ವಾರಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ತಿನ್ನುವವರಿಗಿಂತ, ಸಂಭವ ಶೇ. 56ರಷ್ಟು ಹೆಚ್ಚು. 2004ರಲ್ಲಿ ಇಟಲಿಯ ಅಧ್ಯಯನವೊಂದು ಹಸಿರು ತರಕಾರಿ, ತಾಜಾ ಹಣ್ಣು ಹೆಚ್ಚು ತಿನ್ನುವವರ ಪರವಾಗಿ ಮಾತಾಡಿತ್ತು. ಇವೆಲ್ಲ ಎರಡು ಸಂಗತಿಗಳು ಜೊತೆಯಲ್ಲಿ ಕಂಡವು ಎನ್ನುವ ಲೆಕ್ಕಗಳು, ಒಂದರಿಂದಲೇ ಇನ್ನೊಂದು ಬಂತು ಎನ್ನುವ ಪುರಾವೆಯಲ್ಲ. ಹಮಾಲಿ ಮಾಡಿ ಬಂದ ಗಂಡನ ಜೊತೆ ವಾರಕ್ಕೊಮ್ಮೆ ಮಟನ್ ಉಣ್ಣುವ ಹುಮನಾಬಾದಿನ ಹೆಂಗಸನ್ನು ಈ ಅಂಕಿಗಳು ಹೆದರಿಸಬೇಕಾದ ಕಾರಣವಿಲ್ಲ. ಅಮೆರಿಕದ ದಿನಕ್ಕೆ ಎರಡು ಸಲ ಎಲ್ಲಿ, ಇಲ್ಲಿಯ ರವಿವಾರದ ಸಾರು ಎಲ್ಲಿ.

ಟ್ರಾನ್ಸ್ ಕೊಬ್ಬಿನ ಮಾತು ಮಾತ್ರ ನಮಗೂ ಅನ್ವಯಿಸುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ಬಂದದ್ದು ಡಾಲ್ಡಾ ಎಂದು ಕರೆಯುವ ವನಸ್ಪತಿಯಿಂದ, ಅದರಲ್ಲಿ ಮಾಡಿದ ಖಾರಿ, ಬಿಸ್ಕತ್ತು, ಮಿಠಾಯಿಯಿಂದ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜನವರಿಯಿಂದ ಎಣ್ಣೆ, ವನಸ್ಪತಿಯಲ್ಲಿ ಇದಕ್ಕೆ ಶೇ. 2ರ ಮಿತಿ ಹಾಕಿದೆ. ಹೃದಯಕ್ಕೂ ಅದು ಒಳ್ಳೆಯದಲ್ಲವಾದ್ದರಿಂದ ಬಿಟ್ಟರೆ ನಷ್ಟವೇನೂ ಇಲ್ಲ.

ಎರಡನೇ ಪ್ರಶ್ನೆಗೆ, ಅಂದರೆ ನೋವಿನಲ್ಲಿರುವವರಿಗೆ ಬೇಕಾದ ಪ್ರಶ್ನೆಗೆ, ಈಚೆಗೆ ಹೆಚ್ಚು ಗಟ್ಟಿ ಉತ್ತರ ಬಂದಿರುವುದು ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದಿಂದ. ಅಲ್ಲಿಯವರು 'ಫಾಡ್‌ಮ್ಯಾಪ್' ಎಂದು ಕರೆಯುವುದು ಸಣ್ಣ ಕರುಳು ಸರಿಯಾಗಿ ಹೀರಿಕೊಳ್ಳದ ಕೆಲವು ಸಕ್ಕರೆಗಳ ಗುಂಪನ್ನು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಾಳು-ಬೇಳೆ, ಕೆಲವು ಹಣ್ಣು ಇವುಗಳಲ್ಲಿ ಅವು ಹೆಚ್ಚು. ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುಳಿಸಿ ಗಾಳಿ ಎಬ್ಬಿಸುತ್ತವೆ, ನೀರೂ ಸೇರಿಕೊಳ್ಳುತ್ತದೆ. ಎಲ್ಲರ ಹೊಟ್ಟೆಯಲ್ಲೂ ಇದು ನಡೆಯುತ್ತದೆ. ಎಂಡೊಮೆಟ್ರಿಯೋಸಿಸ್ ಇದ್ದವರ ಕರುಳಿನ ನರಗಳು ಮೊದಲೇ ಕೆರಳಿರುವುದರಿಂದ ಅದೇ ಗಾಳಿ ಅವರಿಗೆ ತಡೆಯಲಾರದ ಉಬ್ಬರ, ನೋವು ಆಗುತ್ತದೆ. 2025ರಲ್ಲಿ ಪ್ರಕಟವಾದ ಮೊನಾಶ್ ಪ್ರಯೋಗದಲ್ಲಿ 35 ಹೆಂಗಸರಿಗೆ 28 ದಿನ ಫಾಡ್‌ಮ್ಯಾಪ್ ಕಡಿಮೆ ಇರುವ ಊಟ, ಇನ್ನೊಂದು 28 ದಿನ ಸಾಮಾನ್ಯ ಊಟ ಕೊಟ್ಟು ನೋಡಿದರು. ಮೊದಲನೆಯದರಲ್ಲಿ ಶೇ. 60ರಷ್ಟು ಮಂದಿಗೆ ಹೊಟ್ಟೆಯ ಲಕ್ಷಣಗಳು ಗಣನೀಯವಾಗಿ ತಗ್ಗಿದವು, ಎರಡನೆಯದರಲ್ಲಿ ಶೇ. 26ರಷ್ಟು ಮಂದಿಗೆ. ನ್ಯೂಜಿಲೆಂಡಿನ 2017ರ ವರದಿಯೂ ಇದೇ ದಿಕ್ಕಿನದು.

35 ಜನ ಕಡಿಮೆಯೇ. ಆದರೂ ಅದೇ ಹೆಂಗಸರು ಎರಡೂ ಊಟ ಉಂಡು ಹೋಲಿಸಿದ ಪ್ರಯೋಗ ಎಂಬ ಕಾರಣಕ್ಕೆ ಇದಕ್ಕೆ ತೂಕವಿದೆ. 2012ರಲ್ಲಿ ಇಟಲಿಯಲ್ಲಿ 207 ಹೆಂಗಸರು ವರ್ಷಪೂರ್ತಿ ಗೋಧಿಯ ಅಂಟು, ಅಂದರೆ ಗ್ಲೂಟೆನ್ ಬಿಟ್ಟಾಗ ಶೇ. 75 ಮಂದಿ ನೋವು ತಗ್ಗಿತು ಎಂದಿದ್ದರು. ಜಾಲತಾಣಗಳಲ್ಲಿ ಈ ಅಂಕಿ ಇಂದಿಗೂ ಓಡಾಡುತ್ತದೆ. ಹೋಲಿಸಿ ನೋಡಲು ಗೋಧಿ ಬಿಡದ ಗುಂಪೇ ಅದರಲ್ಲಿರಲಿಲ್ಲ ಎಂಬುದು ಮಾತ್ರ ಓಡಾಡುವುದಿಲ್ಲ. ನೋವು ತಾನಾಗಿ ಏರಿಳಿಯುವ ಕಾಯಿಲೆಯಲ್ಲಿ, ಹೊಸದೇನೋ ಮಾಡುತ್ತಿದ್ದೇವೆಂಬ ಭರವಸೆಯೂ ನೋವನ್ನು ಇಳಿಸಬಲ್ಲದು. ಬಾಸ್ಟನ್ನಿನಲ್ಲಿ ಹದಿಹರೆಯದವರಿಗೆ ವಿಟಮಿನ್ ಡಿ ಕೊಟ್ಟು 2020ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು: ವಿಟಮಿನ್ ತೆಗೆದುಕೊಂಡವರ ನೋವು ಇಳಿಯಿತು, ಹುಸಿ ಮಾತ್ರೆ ನುಂಗಿದವರದ್ದೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಅರಿಶಿನದ ಸಾರ ಕರ್ಕ್ಯುಮಿನ್ ಕೂಡ ಎರಡು ತಿಂಗಳ ಪ್ರಯೋಗದಲ್ಲಿ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಪಲ್ಯಕ್ಕೆ ಹಾಕುವ ಅರಿಶಿನ ಹಾಕುತ್ತಿರಲಿ. ಡಬ್ಬಿಯ ಕ್ಯಾಪ್ಸೂಲಿಗೆ ಸಾವಿರಾರು ರೂಪಾಯಿ ಸುರಿಯುವ ಮುಂಚೆ ಯೋಚಿಸುವುದು ಒಳ್ಳೆಯದು.

ಎಡಿನ್‌ಬರೊ ವಿಶ್ವವಿದ್ಯಾಲಯ 2025ರಲ್ಲಿ ಪ್ರಕಟಿಸಿದ ಸಮೀಕ್ಷೆ ಬೇರೆ ಬಗೆಯದು. ಅನೇಕ ದೇಶಗಳ ಸುಮಾರು 2,600 ರೋಗಿಗಳನ್ನು ಅದು ನೇರವಾಗಿ ಕೇಳಿತು. ಶೇ. 84 ಮಂದಿ ಊಟ ಬದಲಿಸಿ ನೋಡಿದ್ದರು; ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ನೋವು ತಗ್ಗಿತೆಂದರು. ಮದ್ಯ, ಗ್ಲೂಟೆನ್, ಹಾಲಿನ ಪದಾರ್ಥ, ಕಾಫಿಯಂಥವನ್ನು ಕಡಿಮೆ ಮಾಡಿದ್ದು ಹೆಚ್ಚು ಜನರಿಗೆ ನೆರವಾಗಿತ್ತು. ಇದು ರೋಗಿಗಳ ಅನುಭವ, ಪುರಾವೆ ಎನ್ನಲು ಬರುವುದಿಲ್ಲ. ಯುರೋಪಿನ ತಜ್ಞರ ಸಂಘದ 2022ರ ಮಾರ್ಗಸೂಚಿ ಕೂಡ ಇಂಥದ್ದೇ ಊಟ ಮಾಡಿ ಎಂದು ಶಿಫಾರಸು ಮಾಡುವುದಕ್ಕೆ ಹೋಗಿಲ್ಲ.

ಇಷ್ಟನ್ನು ಹಿಡಿದುಕೊಂಡು ಬೀದರ್ ಸೀಮೆಯ ತಾಟು ನೋಡಿದರೆ ಅರ್ಧ ಕೆಲಸ ಆಗಲೇ ಆಗಿದೆ ಅನ್ನಿಸುತ್ತದೆ. ಬಿಳಿಜೋಳದ ರೊಟ್ಟಿಯಲ್ಲಿ ಗ್ಲೂಟೆನ್ ಇಲ್ಲ, ಗೋಧಿಯಲ್ಲಿರುವಷ್ಟು ಗಾಳಿ ಎಬ್ಬಿಸುವ ಸಕ್ಕರೆಯೂ ಇಲ್ಲ. ಪೇಟೆಯವರು ದುಬಾರಿ ಬೆಲೆಗೆ ತರಿಸಿಕೊಳ್ಳುವ 'ಗ್ಲೂಟೆನ್ ಫ್ರೀ' ಹಿಟ್ಟನ್ನು ಇಲ್ಲಿ ಅಜ್ಜಿಯಂದಿರು ತಲೆಮಾರುಗಳಿಂದ ಬಡಿಯುತ್ತ ಬಂದಿದ್ದಾರೆ. ಪುಂಡಿ, ಮೆಂತೆ, ರಾಜಗಿರಿ, ಸಬ್ಬಸಗಿ ಸೊಪ್ಪುಗಳಿವೆ. ಅಗಸಿ ಹಿಂಡಿ ಇದೆ. ಅಗಸೆಯಲ್ಲಿ ಒಮೆಗಾ-3 ಧಾರಾಳ. ಅದು ಮೀನಿನ ಒಮೆಗಾ-3 ಅಲ್ಲ, ದೇಹ ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಮೀನಿನ ಬಗೆಗೆ ಪರಿವರ್ತಿಸಿಕೊಳ್ಳುತ್ತದೆ ಎಂಬುದೂ ನಿಜ. ಆದರೂ ನಾರು, ಒಳ್ಳೆಯ ಕೊಬ್ಬು ಎರಡೂ ಸಿಗುವ ಅಗ್ಗದ ಪದಾರ್ಥ ಇನ್ನೊಂದು ಸುಲಭವಾಗಿ ಸಿಗದು.

ತೊಡಕು ಬರುವುದು ಬೇಳೆ, ಉಳ್ಳಾಗಡ್ಡಿ, ಬೆಳ್ಳುಳ್ಳಿಯಲ್ಲಿ. ಇದು ತೊಗರಿಯ ಸೀಮೆ. ದತ್ತ ಜಯಂತಿಯಾಗಿ ಹದಿನೈದು ದಿನಕ್ಕೆ ಬರುವ ಎಳ್ಳ ಅಮಾವಾಸ್ಯೆಯ ಭಜ್ಜಿಯನ್ನೇ ನೋಡಿ: ಹಸಿ ಕಡಲೆ, ಹಸಿ ತೊಗರಿ, ಅವರೆ, ಶೇಂಗಾ, ನಾನಾ ಸೊಪ್ಪು, ಮೇಲೆ ಕಡಲೆಹಿಟ್ಟು. ಜೊತೆಗೆ ಎಳ್ಳು ಮೆತ್ತಿದ ಸಜ್ಜೆ ರೊಟ್ಟಿ. ನಾರು, ಕಬ್ಬಿಣ, ಪ್ರೋಟೀನು ಎಣಿಸುವವರಿಗೆ ಇದಕ್ಕಿಂತ ಮೇಲಾದ ಊಟವಿಲ್ಲ. ಉಬ್ಬರದಿಂದ ನರಳುವ ಹೆಂಗಸಿಗೆ ಮುಟ್ಟಿನ ಹಿಂದಿನ ದಿನ ಅದೇ ಭಜ್ಜಿ ಒಂದು ಬಟ್ಟಲು ಹೆಚ್ಚಾಯಿತೋ, ಲಂಗದ ಲಾಡಿ ಸಡಿಲಿಸಿದರೂ ಸಾಲದು. ಆ ಹೊತ್ತಿಗೆ ಚಮಚೆ ಲೆಕ್ಕದಲ್ಲಿ ರುಚಿ ನೋಡಿದರೆ ಸಾಕು, ವರ್ಷವಿಡೀ ಕಾಳು ಬಿಡಬೇಕಿಲ್ಲ. ಕಾಳನ್ನು ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿ ಬೇಯಿಸಿದರೆ, ಮೊಳಕೆ ಬರಿಸಿದರೆ ಗಾಳಿ ಎಬ್ಬಿಸುವ ಸಕ್ಕರೆ ಕಡಿಮೆಯಾಗುತ್ತದೆ. ಬೆಳ್ಳುಳ್ಳಿಯ ಆ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಇಡೀ ಎಸಳನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆದಿಟ್ಟು, ಆ ಎಣ್ಣೆಯಲ್ಲೇ ಒಗ್ಗರಣೆ ಕೊಟ್ಟರೆ ಘಮ ಉಳಿಯುತ್ತದೆ, ಉಬ್ಬರ ತಪ್ಪುತ್ತದೆ. ಉಳ್ಳಾಗಡ್ಡಿ ಬೇಡವಾದಲ್ಲಿ ಇಂಗು ಇದೆ.

ಈ ಒಗ್ಗರಣೆಯ ಉಪಾಯ ಸಣ್ಣದೆನ್ನಿಸಬಹುದು. ಕೂಡುಕುಟುಂಬದ ಅಡುಗೆಮನೆಯಲ್ಲಿ ಅದೇ ದೊಡ್ಡದು. ನೋವಿನಲ್ಲಿರುವ ಹೆಂಗಸೇ ಎಂಟು ಜನಕ್ಕೆ ರೊಟ್ಟಿ ಬಡಿಯುವವಳು. ತನಗೊಂದು ಬೇರೆ ಸಾರು ಮಾಡಿಕೊಳ್ಳಲು ಅವಳಿಗೆ ಹೊತ್ತೂ ಇಲ್ಲ, ಮಾಡಿಕೊಂಡರೆ ಅತ್ತೆಯ ಮುಖ ನೋಡುವ ಧೈರ್ಯವೂ ಇರುವುದಿಲ್ಲ. ಎಲ್ಲರ ಗಡಿಗೆಯಲ್ಲೇ ಆಗುವ ಬದಲಾವಣೆ ಮಾತ್ರ ಮೂರು ತಿಂಗಳು ಬಾಳುತ್ತದೆ.

ಇನ್ನು ಅಪಾಯದ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಇಂಥವರಿಗೆ ಕೆಂಪು ಮಾಂಸ ಬಿಡಿ, ಕಾಳು ಬಿಡಿ, ಹಾಲು ಬಿಡಿ, ಗೋಧಿ ಬಿಡಿ ಎಂದು ಪಟ್ಟಿ ಕೊಟ್ಟರೆ ತಾಟಿನಲ್ಲಿ ಉಳಿಯುವುದೇನು? ನಮ್ಮ ಹೆಂಗಸರಿಗೆ ಸೋಮವಾರ, ಗುರುವಾರ, ಏಕಾದಶಿ, ಸಂಕಷ್ಟಿ ಎಂದು ಬಿಡುವ ದಿನಗಳು ಮೊದಲೇ ಸಾಕಷ್ಟಿವೆ. ಪಪ್ಪಾಯಿ ಉಷ್ಣ, ಎಳ್ಳು ಉಷ್ಣ, ಮೊಸರು ಶೀತ ಎಂಬ ಮನೆಯ ನಿಷೇಧಗಳು ಬೇರೆ. ಅದರ ಮೇಲೆ ಮೊಬೈಲಿನಲ್ಲಿ ಬಂದ ಇನ್ನೊಂದು ನಿಷೇಧದ ಪಟ್ಟಿ ಹೇರುವುದು ಕ್ರೌರ್ಯವೇ ಸರಿ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುವವರು ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಸೊಪ್ಪು, ಕಾಳಿನ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಉಂಡ ಕೂಡಲೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಒಂದು ತಾಸು ತಡೆದು ಕುಡಿದರೆ ಆಯಿತು. ಬೀದರಿನವರಿಗೆ ಚಹಾ ಬಿಡಿ ಎಂದು ಹೇಳುವಷ್ಟು ಧೈರ್ಯ ಈ ಲೇಖನಕ್ಕಿಲ್ಲ.

ಹಾಲು ಬಿಡುವವರಿಗೂ ಒಂದು ಎಚ್ಚರಿಕೆ. ಈ ಕಾಯಿಲೆಗೆ ಕೊಡುವ ಕೆಲವು ಹಾರ್ಮೋನ್ ಚುಚ್ಚುಮದ್ದುಗಳು ಈಸ್ಟ್ರೋಜನ್ ಇಳಿಸುವುದರಿಂದ ಮೂಳೆ ತೆಳುವಾಗುತ್ತದೆ. ಅದೇ ಹೊತ್ತಿಗೆ ಹಾಲು-ಮೊಸರು ಪೂರ್ತಿ ನಿಲ್ಲಿಸಿ, ಎಳ್ಳಿನಂಥ ಕ್ಯಾಲ್ಸಿಯಂ ಇರುವ ಪದಾರ್ಥವನ್ನೂ ತಿನ್ನದಿದ್ದರೆ ಮೂಳೆಗೆ ಎರಡು ಕಡೆಯಿಂದ ಪೆಟ್ಟು. ಗೋಧಿ ಬಿಡಬೇಕೆಂದಿದ್ದರೆ ಬಿಡುವ ಮೊದಲೇ, ಗ್ಲೂಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮಾಡಿಸಬೇಕು. ಗೋಧಿ ಬಿಟ್ಟು ಕೆಲವು ತಿಂಗಳಾದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದಿರಬಹುದು. ಫಾಡ್‌ಮ್ಯಾಪ್ ಪಥ್ಯವೂ ಜೀವನಪೂರ್ತಿಯದಲ್ಲ. ಎರಡರಿಂದ ಆರು ವಾರ ಕಡಿಮೆ ಮಾಡಿ, ಆಮೇಲೆ ಒಂದೊಂದನ್ನೇ ತಿರುಗಿ ತಾಟಿಗೆ ತಂದು, ಯಾವುದು ಒಗ್ಗುವುದಿಲ್ಲವೋ ಅದನ್ನಷ್ಟೇ ತಗ್ಗಿಸುವುದು ಅದರ ಕ್ರಮ. ಆಹಾರತಜ್ಞರ ಕಣ್ಗಾವಲಿದ್ದರೆ ಉತ್ತಮ.

ಹೆಸರಾಂತರ ಅನುಭವವೂ ಒಂದೇ ದಿಕ್ಕಿಗೆ ಕೈ ತೋರುವುದಿಲ್ಲ. ಕಿರುತೆರೆ ನಟಿ ಸುಮೋನಾ ಚಕ್ರವರ್ತಿ, 2011ರಿಂದ ತನಗೆ ಈ ಕಾಯಿಲೆ ಇದೆ, ಈಗ ನಾಲ್ಕನೇ ಹಂತದಲ್ಲಿದೆ ಎಂದು 2021ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಒಳ್ಳೆಯ ಊಟ, ವ್ಯಾಯಾಮ, ಒತ್ತಡವಿಲ್ಲದ ಬದುಕು ತನ್ನನ್ನು ಕಾಯುತ್ತಿವೆ ಎಂದರು. ಚೆನ್ನೈಯಲ್ಲಿ ಹುಟ್ಟಿದ ಪದ್ಮಾ ಲಕ್ಷ್ಮಿ ಅಮೆರಿಕದಲ್ಲಿ ಅಡುಗೆಯ ಪುಸ್ತಕ, ಅಡುಗೆಯ ಟಿವಿ ಕಾರ್ಯಕ್ರಮಗಳಿಂದಲೇ ಹೆಸರಾದವರು. ಹದಿಹರೆಯದಿಂದ ನೋವುಂಡ ಆಕೆಗೆ ಕಾಯಿಲೆಯ ಹೆಸರು ತಿಳಿದದ್ದು 36ನೇ ವಯಸ್ಸಿನಲ್ಲಿ. ಊಟವೇ ವೃತ್ತಿಯಾಗಿದ್ದ ಆಕೆಯ ಬದುಕನ್ನು ಬದಲಿಸಿದ್ದು ಶಸ್ತ್ರಚಿಕಿತ್ಸೆ. 2009ರಲ್ಲಿ ತನ್ನ ಶಸ್ತ್ರವೈದ್ಯ ತಮೆರ್ ಸೆಚ್ಕಿನ್ ಜೊತೆ ಸೇರಿ ಆಕೆ ಅಮೆರಿಕದ ಎಂಡೊಮೆಟ್ರಿಯೋಸಿಸ್ ಪ್ರತಿಷ್ಠಾನ ಕಟ್ಟಿದರು.

ಹಾಗಾಗಿ ಪಥ್ಯಕ್ಕೆ ಮೊದಲು ತಪಾಸಣೆ. ಮಾತ್ರೆಗೂ ಬಗ್ಗದ ಮುಟ್ಟಿನ ನೋವು, ಶಾಲೆ-ಕೆಲಸ ತಪ್ಪಿಸುವ ನೋವು, ಮುಟ್ಟಿನ ದಿನಗಳಲ್ಲಿ ಮಲಮೂತ್ರಕ್ಕೆ ಹೋದಾಗ ಕೊರೆಯುವ ನೋವು, ಕೂಡುವಾಗಿನ ನೋವು, ಮಕ್ಕಳಾಗದಿರುವುದು ಇವುಗಳಲ್ಲಿ ಯಾವುದಿದ್ದರೂ ತಾಲೂಕು ಆಸ್ಪತ್ರೆಯ ಇಲ್ಲವೇ ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಸೋನೋಗ್ರಫಿ ಸರಿಯಾಗಿದೆ ಎಂದಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಚಾಕೊಲೇಟ್ ಸಿಸ್ಟ್ ಕಾಣುತ್ತದೆ, ಪೊರೆಯ ಮೇಲಿನ ಸಣ್ಣ ಕಲೆಗಳು ಕಾಣುವುದಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದವರು ಈ ಸೀಮೆಯಿಂದ ಕಲಬುರಗಿ, ಸೊಲ್ಲಾಪುರ, ಹೈದರಾಬಾದಿನ ಹಾದಿ ಹಿಡಿಯುತ್ತಾರೆ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ, ತಿಂಗಳಿಗೊಂದು ದಿನದ ಸಂಬಳಸಹಿತ ಮುಟ್ಟಿನ ರಜೆ ಕಚೇರಿ, ಕಾರ್ಖಾನೆಯವರಿಗಷ್ಟೇ ದಕ್ಕುವಂಥದ್ದು. ತೊಗರಿ ಕಟಾವಿಗೆ ದಿನಗೂಲಿ ಹೋಗುವವಳಿಗೆ ದವಾಖಾನೆಯ ಒಂದು ದಿನವೆಂದರೆ ಕೂಲಿ ತಪ್ಪಿದ ಒಂದು ದಿನ.

ಆ ಒಂದು ದಿನ ವ್ಯರ್ಥವಾಗದಂತೆ ಹೋಗುವುದಕ್ಕೆ ಎರಡು ರೂಪಾಯಿಯ ನೋಟ್‌ಬುಕ್ಕಿನ ಹಾಳೆ ನೆರವಾಗುತ್ತದೆ. ಎರಡು-ಮೂರು ಮುಟ್ಟಿನ ತನಕ ತಾರೀಖು, ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಆ ದಿನ ಉಂಡದ್ದೇನು, ಸಂಡಾಸು ಹೇಗಾಯಿತು, ಯಾವ ಮಾತ್ರೆ ನುಂಗಿದ್ದು ಎಂದು ಬರೆದಿಟ್ಟರೆ ಸಾಕು. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಗಳೋ ಸೊಸೆಯೋ ಬರೆದುಕೊಟ್ಟಾರು. ಉಬ್ಬರ ಉಂಡ ಮೇಲೆ ಬರುತ್ತದೋ, ಮುಟ್ಟು ಬಂದಾಗ ಮಾತ್ರ ಬರುತ್ತದೋ ಎಂಬುದು ಅದರಲ್ಲೇ ಕಾಣುತ್ತದೆ. ಉಂಡ ಮೇಲಿನದಾದರೆ ಊಟದಲ್ಲಿ ಒಂದನ್ನು ಬದಲಿಸಿ ಮತ್ತೆ ತಿಂಗಳು ಬರೆಯಬಹುದು, ಮುಟ್ಟಿನದೇ ಆದರೆ ವೈದ್ಯರು ಊಟದ ಮಾತು ಬದಿಗಿಟ್ಟು ಹಾರ್ಮೋನ್ ಮಾತ್ರೆಯ ಮಾತಿಗೆ ಬರುತ್ತಾರೆ.